ಕಂಬಳಿಯ ಮೇಲೆ ಕೂತ ಇಂಗ್ಲಿಷ್ ಮೇಷ್ಟ್ರು

ಅಬ್ದುಲ್ ವಹಾಬ ಮೇಷ್ಟ್ರು ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದುದನ್ನು ನೋಡಿದವರು ಅವರನ್ನು ಹುಟ್ಟಾ ಎಡಚರೆಂದೇ ತಿಳಿದಿದ್ದಾರೆ. ಅಲ್ಲ. ಅವರ ಬಲಗೈಯನ್ನು ನಮ್ಮೂರು ಮುರಿಯಿತು. ಹಾಡಹಗಲಲ್ಲಿ, ಬೇವಿನ ಕಟ್ಟೆಯ ಮುಂದೆ, ನಾನು ನೇಯ್ದ ಕಂಬಳಿಯ ಅಂಚಿನಿಂದ ಮೊಳದಷ್ಟು ಆಚೆಗೆ ಮುರಿಯಿತು. ಆ ಎಲುಬಿನ ಸದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಣಗಿದ ತೊಗರಿಕಟ್ಟಿಗೆಯನ್ನು ಮೊಣಕಾಲಿಗಿಟ್ಟು ಮುರಿದಂತಿತ್ತು. ಇದನ್ನು ಬರೆದಿಡಬೇಕಾದವರು ಊರಲ್ಲಿ ಓದಿದವರು. ಅವರು ಬರೆಯಲಿಲ್ಲ, ನಾನು ಬರೆಯುತ್ತಿದ್ದೇನೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಅಕ್ಷರವನ್ನು ಉಣ್ಣೆ ಹಿಂಜಿದ ಹಾಗೆ ಎಳೆ ಎಳೆಯಾಗಿ ಹಿಂಜಿ ಕಲಿತವನು. ಆದರೆ ನನ್ನ ನೂಲು ನಡುವೆ ಹರಿಯುವುದಿಲ್ಲ.

ನಮ್ಮೂರು ಹರಪನಹಳ್ಳಿ ತಾಲ್ಲೂಕಿನ ನೆಲಬೇವಿನಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಊರಿಗೆ ಹೈಸ್ಕೂಲು ಬಂತು, ಅದರ ಬೆನ್ನಿಗೇ ಇಂಗ್ಲಿಷ್ ಕಲಿಸಲು ವಹಾಬ ಮೇಷ್ಟ್ರು ಬಂದರು. ಅವರ ತಂದೆ ಕಮಾಲಸಾಬರು ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದವರು. ಮಗನ ಕೈಗೆ ಪುಸ್ತಕ ಕೊಟ್ಟರೂ ತೋಳು ಮಾತ್ರ ಲಾರಿ ಚಕ್ರ ಬಿಚ್ಚುವವನದೇ ಆಗಿ ಉಳಿದಿತ್ತು. ಆ ತೋಳಿನ ರುಚಿ ನಮ್ಮ ಹುಡುಗರ ಬೆನ್ನಿಗೆ ಬೇಗ ಹತ್ತಿತು. ಮೇಷ್ಟ್ರಿಗೆ ಹೊಡೆಯಲು ಹುಣಸೆಯ ಹಸಿ ಬರಲೇ, ಎಳೆ ಕೋಲೇ ಬೇಕು. ಒಣಗಿದ್ದು ಎರಡೇಟಿಗೆ ಚೂರಾಗುತ್ತದೆ ಎಂದು ಹುಡುಗರಿಂದಲೇ ಹಸಿಯದನ್ನು ಕಡಿಸಿ ತರಿಸುತ್ತಿದ್ದರು.

ಅವರ ಸಿಟ್ಟಿಗೆ ಒಂದೇ ಕಾರಣ. ಕಥೆ ಓದಿ ಮುಗಿಸಿ, ‘ಇದನ್ನು ಕೇಳಿ ನಿನಗೇನನ್ನಿಸುತ್ತದೆ’ ಎಂದು ಇಂಗ್ಲಿಷಿನಲ್ಲಿ ಕೇಳುವರು. ಹುಡುಗರು ಎದ್ದು ನಿಂತು ಗೈಡಿನ ಉತ್ತರವನ್ನು ಕಣ್ಣು ಮುಚ್ಚಿ ಒಪ್ಪಿಸುವರು. ಬರಲು ಸುಂಯ್ ಎನ್ನುವುದು.

“ಗೈಡಿಗೆ ಏನ್ ಅನಸೇತಿ ಅಂತ ಕೇಳಿಲ್ಲಲೇ! ನಿಂಗೇನ್ ಅನಸ್ತು, ಅದನ್ನ ಬೊಗಳು!”

ಅನಿಸಿದ್ದನ್ನು ಹೇಳು ಎಂದು ಬಾಸುಂಡೆ ಬರುವಂತೆ ಹೊಡೆದರೆ ಯಾವ ಹುಡುಗನಿಗೆ ಏನು ಅನಿಸೀತು? ಉರಿ ಅನಿಸುತ್ತದೆ. ಒಂದು ದಿನ ಒಬ್ಬನ ಕಿವಿಯ ಹಿಂದೆ ಚರ್ಮ ಸುಲಿದು ರಕ್ತ ಅಂಗಿಯ ಕಾಲರಿಗೆ ಇಳಿಯಿತು. ಹುಡುಗ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಹಲ್ಲು ಕಚ್ಚಿಕೊಂಡು ನಿಂತೇ ಇದ್ದ.

ಮೇಷ್ಟ್ರ ಹೊಡೆತವನ್ನು ಊರಲ್ಲಿ ಮೆಚ್ಚಿ ಮಾತಾಡುತ್ತಿದ್ದವರು ಕರಿಸಿದ್ದಪ್ಪ ಗೌಡರು. ಗೌಡಿಕೆ ಕಾಗದದಲ್ಲಿ ಹೋಗಿ ಬಹಳ ಕಾಲವಾಗಿದ್ದರೂ ಅವರ ಕೈಯ ಬಾರುಕೋಲು ಹೋಗಿರಲಿಲ್ಲ. ಮೇಷ್ಟ್ರು ಇದ್ದ ಬಾಡಿಗೆ ಕೋಣೆಯೂ ಅವರದೇ. ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದರು:

“ಹಾಕ್ರಿ ಮೇಷ್ಟ್ರ, ಹಂಗ ಹಾಕ್ರಿ! ನಮ್ಮ ದನದ ಕೊಟ್ಟಿಗ್ಯಾಗೂ ನಿಮ್ಮಂಥೋರು ಒಬ್ರು ಇರಬೇಕಾಗಿತ್ತು ನೋಡ್ರಿ.”

ಮೇಷ್ಟ್ರು ನಗುತ್ತ ಹೋಗುತ್ತಿದ್ದರು. ಆ ಕೊಟ್ಟಿಗೆಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.

ಆ ಕೊಟ್ಟಿಗೆಯ ಆಳು ಪಾಲಣ್ಣ. ಮೀಸೆ ಸರಿಯಾಗಿ ಮೂಡಿರದ ವಯಸ್ಸಿನಿಂದ ಗೌಡರ ಮನೆಯಲ್ಲಿ ದುಡಿದವನು. ಆ ವರ್ಷ ಕಾರ್ತೀಕದಲ್ಲಿ ಗೌಡರ ಜೋಡಿ ಎತ್ತಿನಲ್ಲಿ ಒಂದು, ಪಾಲಣ್ಣ ಮೇಯಿಸುವಾಗ, ಹಳ್ಳಕ್ಕೆ ಕಾಲು ಕೊಟ್ಟು ಕುಂಟಾಯಿತು. ಮರುದಿನ ಪಾಲಣ್ಣನ ಹೆಣ ತೋಟದ ಬಾವಿಯಲ್ಲಿ ತೇಲಿತು. ಕುಡಿದು ಬಿದ್ದ ಎಂದರು ಗೌಡರು. ಮೈ ತುಂಬ ಇದ್ದ ಬಾರಿನ ಗೆರೆಗಳನ್ನು ಬಾವಿಯ ಕಲ್ಲು ತರಚಿದ್ದು ಎಂದರು. ಒಂದು ಕಣ್ಣಿನ ಗುಡ್ಡೆ ಒಡೆದಿದ್ದಕ್ಕೆ ಮೀನಿನ ಹೆಸರು ಹೇಳಿದರು. ಅವನ ತಾಯಿ ಅಂಜಿನಕ್ಕ ಬೀದಿ ಬೀದಿಯಲ್ಲಿ ನಿಂತು, “ನನ್ನ ಮಗ ಹನಿ ಹೆಂಡ ಮುಟ್ಟಿದೋನಲ್ರಪ್ಪೋ, ಯಾರಾರ ಕಂಡಿದ್ರ ಹೇಳ್ರಪ್ಪೋ” ಎಂದು ಎದೆ ಬಡಿದುಕೊಂಡಳು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಆಗಲೇ ಮೇಷ್ಟ್ರ ಹತ್ತನೇ ಕ್ಲಾಸಿಗೆ ಒಂದು ಇಂಗ್ಲಿಷ್ ಪಾಠ ಬಂತು. ದೂರದ ಯಾವುದೋ ದೇಶದ ಜಮೀನ್ದಾರ ಕುದುರೆಲಾಯದ ಆಳನ್ನು ಚಾವಟಿಯಲ್ಲಿ ಹೊಡೆದು ಕೊಲ್ಲುತ್ತಾನೆ. ವಿಚಾರಣೆ ನಡೆಯುತ್ತದೆ. ಕಿಟಕಿಯಿಂದ ಎಲ್ಲವನ್ನೂ ನೋಡಿದ ಕೆಲಸದ ಹುಡುಗಿಯನ್ನು ಕರೆದು ಕೇಳಿದಾಗ ಅವಳು, “ಐ ಸಾ ನಥಿಂಗ್, ಸರ್” ಎನ್ನುತ್ತಾಳೆ. ನಾನೇನೂ ಕಾಣಲಿಲ್ಲ ಎಂದು. ಅಲ್ಲಿಗೆ ಕಥೆ ಮುಗಿಯುತ್ತದೆ. ಮೇಷ್ಟ್ರು ಓದಿ ಮುಗಿಸಿ ಎಂದಿನಂತೆ ಕೇಳಿದರು. ಅವತ್ತು ಗೈಡಿನ ಉತ್ತರ ಕೂಡ ಯಾರ ಬಾಯಿಂದಲೂ ಬರಲಿಲ್ಲ. ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹೊಡೆಯುತ್ತ ಹೋಗಿ ಕೈ ಸೋತು ಕೂತರು. ಇದನ್ನೆಲ್ಲ ಅವರೇ ಆಮೇಲೆ ನನ್ನ ಮಗ್ಗದ ಮುಂದೆ ಕೂತು ಹೇಳಿದ್ದು.

“ಅಜ್ಜಯ್ಯಣ್ಣ, ಇವು ಹುಡುಗ್ರೋ ಕಲ್ಲೋ? ಮೊನ್ನಿ ನಿಮ್ಮ ದೈವ ಸೇರಿದಾಗ ನೋಡ್ದೆ. ಇವರ ಅಪ್ಪಂದಿರು ಹೆಂಗ ಮಾತಾಡ್ತಾರ! ದಿನಾ ತುಟಿ ಬಿಚ್ಚಲಾರ್ದೋರು ಕಂಬಳಿ ಮ್ಯಾಲೆ ಕುಂತ್ರ ವಕೀಲ್ರಾಗ್ತಾರ.”

ನಮ್ಮ ಕಡೆ ಊರು ನ್ಯಾಯಕ್ಕೆ ಕೂಡುವುದನ್ನು ದೈವ ಎನ್ನುತ್ತೇವೆ. ಕರಿ ಕಂಬಳಿ ಹಾಸಿ, ಮುಂದೆ ಅರಿಸಿನದ ಭಂಡಾರ ಇಟ್ಟು, ಮಾತಾಡುವವನನ್ನು ಅದರ ಮೇಲೆ ಕೂರಿಸುತ್ತೇವೆ. ಅಲ್ಲಿ ಕೂತವನು ಸುಳ್ಳಾಡುವಂತಿಲ್ಲ. ಆ ಕಂಬಳಿ ನಮ್ಮ ಮನೆಯದು. ನನ್ನ ಅಜ್ಜನ ಕಾಲದಿಂದಲೂ ನಮ್ಮ ಮಗ್ಗದ್ದೇ.

“ಅದಕ್ಕ ಈಗ ಏನಂತೀರಿ?” ಎಂದೆ.

“ಒಂದು ದಿನ ಕೊಡ್ರಿ. ಕ್ಲಾಸ್‌ನಾಗ ಆ ಜಮೀನ್ದಾರನ್ನ ನಿಮ್ಮ ದೈವದ ಮುಂದ ನಿಂದರಸ್ತೀನಿ. ಆಗಾದ್ರೂ ಬಾಯಿ ಬಿಡ್ತಾರೇನೋ.”

“ಮೇಷ್ಟ್ರ, ಅದು ನಾಟಕದ ಸಾಮಾನಲ್ಲ.”

“ನಾಟಕ ಅಲ್ರಿ, ಪಾಠ.”

“ಪಾಠ ಆದ್ರ ಸರಿಯಾಗಿ ಹಾಸಬೇಕು. ಭಂಡಾರ ಇಡಬೇಕು. ಹಾಸಿದಲ್ಲಿ ನಮ್ಮ ಮನಿಯಾವ ಒಬ್ಬ ಇರಬೇಕು.”

“ನೀವ ಬರ್ರಿ! ಇಂಗ್ಲಿಷ್ ಕಲ್ತಂಗಾತು.”

“ನಂಗ್ಯಾಕ್ರಿ ಇಂಗ್ಲಿಷ್? ನನ್ನ ಕುರಿ ಕನ್ನಡದಾಗ ಒದರ್ತಾವ” ಎಂದೆ. ಆದರೂ ಕಂಬಳಿ ಹೊತ್ತು ಹೋದೆ. ಮೇಷ್ಟ್ರು ಪಟ್ಟಣದವರು, ಕಂಬಳಿಯನ್ನು ಹಾಸಿಗೆಯಂತೆ ಕಂಡರು. ಎಲ್ಲಿ ಹಾಸಿದರೂ ಅದು ಕಂಬಳಿಯೇ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಹಾಸಿದೆ. ಹುಡುಗರಿಗೆ ನಿಜವಾಗಿಯೂ ಬಾಯಿ ಬಂತು. ಜಮೀನ್ದಾರನಾದವನು ಟವೆಲ್ಲು ಸುತ್ತಿಕೊಂಡು ಮೀಸೆ ತಿರುವಿದ. ದೈವದವರಾದ ಹುಡುಗರು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಅವನ ಮೇಲೆ ಬಿದ್ದರು.

“ವೈ ಯೂ ಬೀಟ್? ಅವ ನಿನ್ನ ಕುದುರಿ ತಿಂದಿದ್ನೇನಲೇ?”

“ಈ ಜಮೀನ್ದಾರಗ ಬೋಳು ಹೊಡಿಸಿ ಕತ್ತೆ ಮ್ಯಾಲೆ ಊರು ತಿರುಗಸ್ಬೇಕ್ರಿ ಸರ್!”

ಕಿವಿಯ ಹಿಂದೆ ಗಾಯವಿದ್ದ ಹುಡುಗನೇ ಎಲ್ಲರಿಗಿಂತ ಜೋರಾಗಿದ್ದ. ಮೇಷ್ಟ್ರು ಬರಲನ್ನು ಬಗಲಲ್ಲಿಟ್ಟು ಮಗುವಿನಂತೆ ನಗುತ್ತಿದ್ದರು.

ಕೆಲಸದ ಹುಡುಗಿಯ ಸರದಿ ಬಂತು. ಆ ಮಾತು ಉಚ್ಚಂಗೆಮ್ಮನಿಗೆ ಬಿದ್ದಿತ್ತು. ಅವಳು ಕರಿಸಿದ್ದಪ್ಪ ಗೌಡರ ಸತ್ತ ತಮ್ಮನ ಮಗಳು. ತಾಯಿ ಗುರುಬಸಮ್ಮನ ಜೊತೆ ಗೌಡರ ಮನೆಯ ಹಿಂದಿನ ಪಡಸಾಲೆಯಲ್ಲಿ, ಕೊಟ್ಟಿಗೆಗೆ ಅಂಟಿಕೊಂಡಂತೆ ಇದ್ದವಳು. ಬಂದು ಕಂಬಳಿಯ ಮೇಲೆ ಕೂತಳು. ಭಂಡಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ಕಣ್ಣು ನನಗೆ ಹಿಡಿಸಲಿಲ್ಲ.

“ವಾಟ್ ಡಿಡ್ ಯೂ ಸೀ?” ಎಂದರು ಮೇಷ್ಟ್ರು.

“ಐ ಸಾ…” ಎಂದು ನಿಂತಳು.

ಹುಡುಗರು ಕಿಸಕ್ಕೆಂದರು. “ನಥಿಂಗ್, ನಥಿಂಗ್” ಎಂದು ಹಿಂದಿನಿಂದ ಯಾರೋ ಹೇಳಿಕೊಟ್ಟರು.

“ನಥಿಂಗ್ ಅನ್ನವ್ವ, ಪಾಠದಾಗ ಹಂಗೈತಿ.”

“ಅನ್ನಾಕ ಬರಂಗಿಲ್ರಿ ಸರ್” ಎಂದಳು. “ಕಂಬಳಿ ಮ್ಯಾಲೆ ಕುಂತೀನಿ. ನಾ ಕಂಡೀನ್ರಿ. ದೊಡ್ಡಪ್ಪ ಪಾಲಣ್ಣನ್ನ ಕೊಟ್ಟಿಗಿ ಕಂಬಕ್ಕ ಕಟ್ಟಿದ್ರು. ಬಾರುಕೋಲಿನಾಗ ಹೊಡದ್ರು. ಬಾರಿನ ಗಂಟು ಕಣ್ಣಿಗೆ ಬಿತ್ತು. ನೀರು ಕೇಳ್ದ. ದೊಡ್ಡಪ್ಪ ಎದಿಗೆ ಒದ್ರು. ಬಾಯಾಗ ರಕ್ತ ಬಂತು, ಕುತ್ತಿಗಿ ಬಿದ್ದೋತು. ಆಮ್ಯಾಲೆ ಚೀಲದಾಗ ಹೊತಗಂಡು ಬಾವಿಗೆ ಹೋದ್ರು.”

ನಗು ಅಲ್ಲೇ ಸತ್ತಿತು. ಟವೆಲ್ಲು ಸುತ್ತಿಕೊಂಡ ಹುಡುಗ ಅದನ್ನು ಬಿಚ್ಚಿ ಕೆಳಗೆ ಹಾಕಿದ. ಮೇಷ್ಟ್ರ ಬಗಲಿನ ಬರಲು ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಗೌಡರ ಆಳುಗಳು ಬಂದು ಉಚ್ಚಂಗೆಮ್ಮನ ಜಡೆಯನ್ನು ಕೈಗೆ ಸುತ್ತಿಕೊಂಡು ಬೀದಿಯಲ್ಲಿ ಎಳೆದೊಯ್ದರು. ಬಿಡಿಸಲು ಹೋದ ಮೇಷ್ಟ್ರ ಬಾಯಿಗೆ ಗುದ್ದು ಬಿತ್ತು, ಮುಂದಿನ ಹಲ್ಲು ಅಂಗಳಕ್ಕೆ ಬಿತ್ತು. ಅವರ ಕೋಣೆಯ ಟ್ರಂಕು, ಸ್ಟೋವು, ಪುಸ್ತಕ ಎಲ್ಲ ಗಟಾರಕ್ಕೆ ಹೋದವು. ಗೌಡರ ಮನೆಯೊಳಗಿಂದ ಹುಡುಗಿಯ ಚೀರಾಟ ಕೇಳಿಸಿತು. ಆಮೇಲೆ ಅದೂ ನಿಂತಿತು. ನಿಂತದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಸಂಜೆಯ ಹೊತ್ತಿಗೆ ಗೌಡರು ತಾವೇ ಮೇಷ್ಟ್ರ ಹತ್ತಿರ ಬಂದರು. ದನಿಯಲ್ಲಿ ಬೆಣ್ಣೆ.

“ಮೇಷ್ಟ್ರ, ಹುಡುಗಿ ಪಾಠ ಒಪ್ಸೇತಿ, ಅಷ್ಟ. ನಾಳಿ ದೈವ ಕೂಡ್ತೈತಿ. ‘ಅದು ಪುಸ್ತಕದಾಗಿನ ಮಾತು’ ಅಂತ ಒಂದ್ಮಾತು ಹೇಳಿಬಿಡ್ರಿ. ಅಕಿ ಮತ್ತ ಸಾಲಿಗೆ ಬರ್ತಾಳ. ನೀವು ಮತ್ತ ಹೊಡಕಂತ ಕಲಿಸ್ರಿ.”

“ಹೇಳದಿದ್ರ?”

“ನಮ್ಮ ಬಾವಿ ದೊಡ್ಡದೈತ್ರಿ.”

ಮೇಷ್ಟ್ರು ಒಡೆದ ತುಟಿಯಿಂದಲೇ ನನ್ನಲ್ಲಿಗೆ ಬಂದರು. ನೇಯುವಾಗ ನಾನು ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿಗೆ ಕೂತರು.

“ಸುಳ್ಳು ಹೇಳಿದ್ರ ಹುಡುಗಿ ಜೀವ ಉಳಿತೈತಂತ” ಎಂದರು.

“ನಂಬತೀರೇನು? ಕಂಡಾಕಿನ್ನ ಮನ್ಯಾಗ ಇಟಗಂಡು ಆ ಮನಶ್ಯಾ ನಿದ್ದಿ ಮಾಡ್ತಾನೇನು?”

“ಹಂಗಾರ ಅಕಿನ್ನ ಉಳಸೋದು ಹೆಂಗ್ರಿ?”

ಆಗ ನಾನು ಕಂಬಳಿಯ ಕಟ್ಟಳೆ ಹೇಳಿದೆ. ಕ್ಲಾಸಿನಲ್ಲಿ ಆಡಿದ್ದನ್ನು ಕೇಳಿದವರು ಮಕ್ಕಳು. ದೈವದ ಮುಂದೆ ಆಡಿದರೆ ಬೇರೆ. ಕಂಬಳಿಯ ಮೇಲೆ ಕೂತಿರುವವರೆಗೆ ಅವರ ಮೇಲೆ ಯಾರೂ ಕೈ ಎತ್ತುವಂತಿಲ್ಲ. ಮಾತು ಮುಗಿದು ಹಿರಿಯರು ಹಣೆಗೆ ಭಂಡಾರ ಹಚ್ಚಿದ ಮೇಲೆ ಅವರು ದೈವದ ಮಕ್ಕಳು. ಆಮೇಲೆ ಮುಟ್ಟಿದವನ ಮನೆಗೆ ಊರಿನ ಬೆಂಕಿ, ನೀರು, ಆಳು ಎಲ್ಲ ನಿಲ್ಲುತ್ತದೆ. ಗೌಡನಾದರೂ ಅಷ್ಟೇ.

“ಭಂಡಾರ ಹಚ್ಚೂಕಿಂತ ಮೊದಲ ಇಳಿದ್ರ?”

“ಇಳಿದ್ರ ಕಂಬಳಿ ಕೇಳಂಗಿಲ್ರಿ. ಏನ್ ಬಂದ್ರೂ ಇಳೀಬ್ಯಾಡ್ರಿ.”

ಮರುದಿನ ಬಿಸಿಲೇರುವ ಹೊತ್ತಿಗೆ ಊರೆಲ್ಲ ಬೇವಿನ ಕಟ್ಟೆಗೆ ಬಂತು. ಕಂಬಳಿ ಹಾಸಿದೆ. ಗೌಡರ ಆಳುಗಳು ಕೈಯಲ್ಲಿ ನೊಗದ ಗೂಟ ಹಿಡಿದು ಸುತ್ತ ನಿಂತಿದ್ದರು. ಉಚ್ಚಂಗೆಮ್ಮನನ್ನು ಕರೆತಂದು ದೂರ ನಿಲ್ಲಿಸಿದ್ದರು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ತಾಯಿ ಗುರುಬಸಮ್ಮ ಅವಳ ಸೆರಗು ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಮೇಷ್ಟ್ರು ಚಪ್ಪಲಿ ಬಿಟ್ಟು ಕಂಬಳಿಯತ್ತ ಬಂದಾಗ ಗುಂಪಿನಿಂದ ಒಬ್ಬ, “ಸಾಬ್ರಿಗೂ ನಮ್ಮ ಕಂಬಳಿಗೂ ಏನ್ರಿ ಸಂಬಂಧ? ಅವ್ರಿಗೆ ಇದು ಹತ್ತೈತೇನು?” ಎಂದ.

“ಚಳಿ ಎಲ್ರಿಗೂ ಹತ್ತೈತಿ” ಎಂದರು ಮೇಷ್ಟ್ರು. ಕೆಲವರು ನಕ್ಕರು. ಅವರು ಮಂಡಿ ಊರಿ ಕೂತರು.

ಹುಡುಗಿ ಹೇಳಿದ್ದು ಪಾಠದ ಮಾತೇ ಎಂದು ಹಿರಿಯರು ಕೇಳಿದರು. ಮೇಷ್ಟ್ರು ಗಟಾರದಿಂದ ಎತ್ತಿ ಒಣಗಿಸಿದ್ದ ಪುಸ್ತಕ ಬಿಚ್ಚಿದರು.

“ಪಾಠದಾಗಿನ ಹುಡುಗಿ ಏನಂತಾಳ ಅಂತ ಓದ್ತೀನಿ, ಕೇಳ್ರಿ. ‘ಐ ಸಾ ನಥಿಂಗ್, ಸರ್.’ ಅಂದ್ರ, ನಾ ಏನೂ ಕಂಡಿಲ್ರಿ ಅಂತ. ಹತ್ತನೇ ಕ್ಲಾಸಿನ ಯಾವ ಹುಡುಗನ್ನ ಬೇಕಾದ್ರೂ ಕೇಳ್ರಿ. ಈ ಪುಸ್ತಕದಾಗ ‘ಕಂಡೀನಿ’ ಅನ್ನೋ ಹುಡುಗಿ ಇಲ್ಲ. ಕೊಟ್ಟಿಗಿ ಇಲ್ಲ, ಬಾವಿ ಇಲ್ಲ, ಪಾಲಣ್ಣ ಇಲ್ಲ. ಉಚ್ಚಂಗೆಮ್ಮ ಒಪ್ಸಿದ್ದು ಪಾಠ ಅಲ್ಲ. ಪಾಠ ಒಪ್ಸಿದ್ರ ಅಕಿ ಇವತ್ತ ಹಿಂಗ ನಿಂತಿರ್ತಿದ್ದಿಲ್ಲ.”

ಗೌಡರ ಮುಖದ ಬೆಣ್ಣೆ ಕರಗಿತು.

“ಹಂಗಾರ ಹುಡುಗಿ ಬಂದು ಹೇಳ್ಲಿ” ಎಂದರು ಹಿರಿಯರು.

“ಹೆಣ್ಣು ಕಂಬಳಿ ಹತ್ತಂಗಿಲ್ಲ!” ಎಂದು ಗೌಡರು ಗುಡುಗಿದರು.

“ಹಂಗೇನಿಲ್ಲ” ಎಂದೆ ನಾನು. “ನಮ್ಮವ್ವ ಹತ್ತ್ಯಾಳ. ಅವತ್ತು ನಿಮ್ಮಪ್ಪ ಇಲ್ಲೇ ಕುಂತಿದ್ರು, ಗೌಡ್ರ.”

ಉಚ್ಚಂಗೆಮ್ಮ ತಾಯಿಯ ಕೈ ಬಿಡಿಸಿಕೊಂಡು ಓಡಿದಳು. ಕಂಬಳಿಗೆ ಇನ್ನೇನು ಕಾಲಿಡಬೇಕು, ಒಬ್ಬ ಆಳು ಅವಳ ಜಡೆ ಹಿಡಿದು ಹಿಂದಕ್ಕೆ ಎಸೆದ. ಅವಳು ಬೆನ್ನ ಮೇಲೆ ಬಿದ್ದಳು. ಅವನ ಗೂಟ ಮೇಲೆದ್ದಿತು. ಮೇಷ್ಟ್ರ ಹಣೆಗೆ ಇನ್ನೂ ಭಂಡಾರ ಬಿದ್ದಿರಲಿಲ್ಲ. “ಇಳೀಬ್ಯಾಡ್ರೀ!” ಎಂದು ನಾನು ಕೂಗಿದೆ. ಅವರು ಇಳಿದರು.

ಒಂದೇ ನೆಗೆತ. ಹುಡುಗಿಯ ರಟ್ಟೆಗೆ ಕೈ ಹಾಕಿ, ಜೋಳದ ಚೀಲ ಎಸೆಯುವಂತೆ ಕಂಬಳಿಯ ಮೇಲೆ ಎಸೆದರು. ಲಾರಿ ಚಕ್ರ ಬಿಚ್ಚುವ ತೋಳು ಅವತ್ತು ಕೆಲಸಕ್ಕೆ ಬಂತು. ಅಷ್ಟರಲ್ಲಿ ಗೂಟಗಳು ಅವರ ಮೇಲೆ ಬಿದ್ದವು. ಬೆನ್ನಿಗೆ, ತಲೆಗೆ, ಅಡ್ಡ ಹಿಡಿದ ಬಲಗೈಗೆ. ಕೈ ಮುರಿದದ್ದು ಆಗಲೇ. ಮುರಿದ ಮೇಲೂ ಅದರ ಮೇಲೆ ಹೊಡೆದರು. ರಕ್ತ ಚಿಮ್ಮಿ ಕಂಬಳಿಯ ಅಂಚಿಗೆ ಬಿತ್ತು.

ಕಂಬಳಿಯ ಮೇಲೆ ಹುಡುಗಿ ಎದ್ದು ಕೂತು ಹೇಳಲು ಶುರು ಮಾಡಿದ್ದಳು. ಕಂಬ, ಬಾರು, ಕಣ್ಣು, ನೀರು ಕೇಳಿದ್ದು, ಎದೆಗೆ ಒದ್ದದ್ದು, ಚೀಲ, ಬಾವಿ. ಪಕ್ಕದಲ್ಲಿ ಮೇಷ್ಟ್ರನ್ನು ಬಡಿಯುವ ಸದ್ದು, ನಡುವೆ ಅವಳ ದನಿ. ಒಂದು ಮಾತನ್ನೂ ಬಿಡದೆ, ಕಿರುಚಿ ಕಿರುಚಿ ಹೇಳಿದಳು. ಹಿರಿಯರು ಅವಳ ಹಣೆಗೆ ಭಂಡಾರ ಹಚ್ಚಿದರು. ಮರುಗಳಿಗೆ ನಾನು ಆ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಮೇಷ್ಟ್ರ ರಕ್ತದ ಹಣೆಗೆ ಮುಷ್ಟಿ ತುಂಬ ಮೆತ್ತಿದೆ. ಕಟ್ಟಳೆ ಅದಲ್ಲ, ಬೇಕಿದ್ದರೆ ದೈವ ನನ್ನನ್ನೂ ಕೇಳಲಿ ಎಂದುಕೊಂಡೆ. ಗೂಟಗಳು ಇಳಿದವು.

ಆಗ ಮೊದಲ ಕಲ್ಲು ಹೋಯಿತು. ಎಸೆದವಳು ಅಂಜಿನಕ್ಕ. ಗೌಡರ ದವಡೆ ಒಡೆಯಿತು. ಆಮೇಲೆ ಎಷ್ಟೋ ದಿನ ಬಾಯಿ ಬಿಡದಿದ್ದ ಊರು ಕಲ್ಲು ಬಿಟ್ಟಿತು. ಗೌಡರ ಮನೆಯ ಹೆಂಚು ಒಂದೂ ಉಳಿಯಲಿಲ್ಲ. ಕೊಟ್ಟಿಗೆಗೆ ಬೆಂಕಿ ಬಿತ್ತು; ದನಗಳನ್ನು ಬಿಚ್ಚಿ ಬಿಡುವಷ್ಟು ಬುದ್ಧಿ ಯಾರಿಗೋ ಇತ್ತು. ಗೌಡರ ಜಗುಲಿಯಲ್ಲಿ ವರ್ಷಗಟ್ಟಲೆ ಚಹಾ ಕುಡಿದವರೇ ಮುಂದೆ ನಿಂತು ಎಸೆಯುತ್ತಿದ್ದರು. ಅದನ್ನು ನೋಡಿ ನನಗೆ ಹೆಮ್ಮೆಯೇನೂ ಆಗಲಿಲ್ಲ. ಪೊಲೀಸರ ಜೀಪು ಬಂದಾಗ ಕರಿಸಿದ್ದಪ್ಪ ತಾನಾಗಿಯೇ ಓಡಿಹೋಗಿ ಅದರೊಳಗೆ ಕೂತ.

ಕೇಸು ನಡೆಯಿತು. ಕೋರ್ಟಿನಲ್ಲಿ ಕಂಬಳಿ ಇರಲಿಲ್ಲ, ಆದರೂ ಉಚ್ಚಂಗೆಮ್ಮ ಅದೇ ಮಾತನ್ನು ಹೇಳಿದಳು. ಗೌಡ ಜೈಲಿಗೆ ಹೋದ. ತಾಯಿ ಮಗಳು ಕೊಟ್ಟೂರಿನಲ್ಲಿದ್ದ ಸೋದರಮಾವನ ಮನೆ ಸೇರಿದರು. ಹತ್ತನೇ ಪರೀಕ್ಷೆಯನ್ನು ಅವಳು ಅಲ್ಲಿಂದಲೇ ಕಟ್ಟಿದಳು.

ಮೇಷ್ಟ್ರ ಕೈ ಕುಡಗೋಲಿನಂತೆ ಸೊಟ್ಟಗೆ ಕೂಡಿಕೊಂಡಿತು. ವರ್ಗ ಮಾಡಿಸಿಕೊಳ್ಳಿ ಎಂದು ಮನೆಯವರು ಅತ್ತರಂತೆ. ಜೂನ್‌ನಲ್ಲಿ ಮೇಷ್ಟ್ರು ಮತ್ತೆ ಬಂದರು. ಎಡಗೈಯಲ್ಲಿ ಬರೆಯುವುದನ್ನು ಒಂದನೇ ಕ್ಲಾಸಿನ ಮಗುವಿನಂತೆ ಮೊದಲಿನಿಂದ ಕಲಿತರು. ಎಡಗೈ ಬರಲು ಹಿಡಿಯದೇನೂ ಇರಲಿಲ್ಲ. ಹಿಡಿಯಲಿಲ್ಲ. ಒಬ್ಬ ಪುಂಡ ಹುಡುಗ ಹಸಿ ಬರಲನ್ನು ತಂದು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದನಂತೆ. ಮೇಷ್ಟ್ರು ಅದನ್ನು ಕಿಟಕಿಯಿಂದ ಆಚೆ ಎಸೆದು, “ನಡಿ, ಓದು” ಎಂದರಂತೆ.

ಮಳೆಗಾಲ ಕಳೆದು ಒಂದು ಮುಂಜಾನೆ ಮಗ್ಗದ ಬಾಗಿಲಿಗೆ ಬಂದು ನಿಂತರು.

“ಅಜ್ಜಯ್ಯಣ್ಣ, ಕಂಬಳಿ ಬೇಕಾಗಿತ್ತು.”

“ಮತ್ತ ಯಾವ ಪಾಠ ಬಂತ್ರಿ, ನನ್ನಪ್ಪ?”

“ಅದ ಪಾಠ. ಹುಡುಗ್ರು ಹೊಸಬ್ರು.”

“ಇನ್ನೊಂದು ಕೈ ಭಾರ ಆಗೇತೇನು?”

ಅವರು ಇಲ್ಲದ ಹಲ್ಲಿನ ಸಂದಿಯಿಂದ ನಕ್ಕರು. ಕಂಬಳಿ ತೆಗೆದೆ. ಅಂಚಿನ ಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ. ಕರಿ ಉಣ್ಣೆಯಲ್ಲೂ ಅದು ಬೇರೆಯಾಗಿ ಕಾಣುತ್ತಿತ್ತು, ಎಳೆಗಳು ಅಲ್ಲಿ ಬಿರುಸಾಗಿದ್ದವು.

“ಈ ಮಗ್ಗಲು ಕೆಳಗ ಮಾಡಿ ಹಾಸ್ತೀನ್ರಿ” ಎಂದೆ.

“ಬ್ಯಾಡ್ರಿ, ಮ್ಯಾಲೆ ಇರ್ಲಿ. ಅಲ್ಲಿ ನಾ ಕುಂದ್ರತೀನಿ.”

ನಾನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡೆ. ಅವರು ಎಡಗೈಯಲ್ಲಿ ಭಂಡಾರದ ತಟ್ಟೆ ಹಿಡಿದುಕೊಂಡರು. ಆ ಪಾಠ ಕೇಳಲು ಶಾಲೆಯ ಕಿಟಕಿಯ ಹೊರಗೆ ಅಂಜಿನಕ್ಕ ಆಗಲೇ ಬಂದು ಕೂತಿದ್ದಳು.